ಸುಟ್ಟ ಎಲ್‌ಇಡಿಗೆ ಶಾರ್ಟ್ ಹಾಕಿದರೆ ಸಾಲದು

ರಿಪೇರಿ ಮಾಡಿದ 9 ವಾಟ್ ಎಲ್‌ಇಡಿ ಬಲ್ಬ್ ತಿಂಗಳೊಳಗೆ ವಾಪಸ್ ಬರುತ್ತದೆ ಎಂದು ನಮ್ಮ ಸಾಲಿನ ಅಂಗಡಿಯವರೆಲ್ಲ ನಗುತ್ತಿದ್ದರು. ನನ್ನವು ಎರಡನೇ ವರ್ಷವೂ ಉರಿಯುತ್ತಿವೆ.

ಬಲ್ಬಿನೊಳಗಿನ ಸಣ್ಣ ಎಲ್‌ಇಡಿಗಳಲ್ಲಿ ಕಪ್ಪು ಚುಕ್ಕೆ ಬಿದ್ದ ಎಲ್‌ಇಡಿಯನ್ನು ಕಿತ್ತು ಬೆಸುಗೆಯ ಹನಿ ಬಿಟ್ಟು ಎರಡು ತುದಿ ನೇರ ಸೇರಿಸುವುದು, ಅಂದರೆ ಶಾರ್ಟ್ ಮಾಡುವುದು, ನಿಮಗೆಲ್ಲ ಗೊತ್ತು. ಬಲ್ಬ್ ತಕ್ಷಣ ಹೊತ್ತಿಕೊಳ್ಳುತ್ತದೆ, ಗಿರಾಕಿ 20 ರೂಪಾಯಿ ಕೊಟ್ಟು ಹೋಗುತ್ತಾನೆ. ಮೂರು ವಾರಕ್ಕೆ ಅದೇ ಬಲ್ಬ್ ಹಿಡಿದು ಬರುತ್ತಾನೆ, ಈಗ ದುಡ್ಡು ಕೇಳುವಂತಿಲ್ಲ. ಹೊಸದೇ 80–90ಕ್ಕೆ ಸಿಗುವಾಗ ಎರಡು ಸಲ ಬಿಟ್ಟಿ ಕೆಲಸ ಮಾಡಿದರೆ ನಮಗೇ ಕೈಯಿಂದ ಖರ್ಚು. ಒಂದು ಮಳೆಗಾಲವಿಡೀ ಹೀಗೇ ಕಳೆಯಿತು.

ವಾಪಸ್ ಬಂದವನ್ನು ಬಿಚ್ಚಿದಾಗ ಡ್ರೈವರ್ ಐಸಿಯ (ಕರೆಂಟ್ ಹಿಡಿತದಲ್ಲಿಡುವ ಚಿಪ್) ಪಕ್ಕದ ಎಲ್‌ಇಡಿಗಳೇ ಹೆಚ್ಚಾಗಿ ಸತ್ತಿದ್ದವು. ಎಲ್‌ಇಡಿ ಕೂರಿಸಿದ ಅಲ್ಯೂಮಿನಿಯಂ ಪ್ಲೇಟಿನ ಮೇಲೇ ಐಸಿಯೂ ಕೂತಿರುವ ಜಾತಿಯ ಬಲ್ಬ್ ಇವು. ಸುಮಾರು 18 ವೋಲ್ಟ್‌ನ 16 ಎಲ್‌ಇಡಿ ಒಂದರ ಹಿಂದೊಂದು. ಒಂದನ್ನು ಶಾರ್ಟ್ ಮಾಡಿದರೆ ಅದರ 18 ವೋಲ್ಟನ್ನು ಐಸಿಯೇ ನುಂಗಬೇಕು. 30 ಮಿಲಿಆಂಪಿಯರ್ ಲೆಕ್ಕಕ್ಕೆ ಅರ್ಧ ವಾಟ್‌ಗೂ ಮೀರಿದ ಶಾಖ, ಅದೂ ಮೊದಲೇ ಕಾದ ಪ್ಲೇಟಿಗೆ.

ಹಬ್ಬದ ಅಲಂಕಾರದ ಹಳೆಯ ಸೀರಿಯಲ್ ಸೆಟ್ಟಿನ ಕಥೆಯೇ ಬೇರೆ. ಕುತೂಹಲಕ್ಕೆ 6 ವೋಲ್ಟ್‌ನ 40 ಬಲ್ಬಿನ ಸರದಲ್ಲಿ ಒಂದೊಂದನ್ನೇ ಶಾರ್ಟ್ ಮಾಡುತ್ತ ಹೋದೆ. ಹತ್ತು ಹೋದಾಗ ಉಳಿದವುಗಳಿಗೆ ಏಳೂವರೆ ವೋಲ್ಟ್ ಮೀರಿತು. ಹಾಲಿನಂಥ ಬೆಳಕು ಕೊಟ್ಟು ಒಂದು ತಂತು ಕಡಿಯಿತು, ಸರವಿಡೀ ಕತ್ತಲು. ಅಲ್ಲಿ ಕರೆಂಟ್ ಏರುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಐಸಿ ಅದನ್ನು ಏರಲು ಬಿಡುವುದಿಲ್ಲ, ತಾನೇ ಬೇಯುತ್ತದೆ.

ಹಾಗಾಗಿ ಈಗ ಶಾರ್ಟ್ ಮಾಡುವುದನ್ನೇ ಬಿಟ್ಟಿದ್ದೇನೆ. ಗುಜರಿ ಬಲ್ಬಿನಿಂದ ಅದೇ ವೋಲ್ಟ್‌ನ ಎಲ್‌ಇಡಿ ಕಿತ್ತು ಕೂರಿಸುತ್ತೇನೆ. ಆಮೇಲೆ ಐಸಿಯ ಪಕ್ಕ ಜೋಡಿಯಾಗಿರುವ, ಕರೆಂಟ್ ಎಷ್ಟೆಂದು ನಿಗದಿ ಮಾಡುವ ಎರಡು ಸಣ್ಣ ರೆಸಿಸ್ಟರ್‌ಗಳಲ್ಲಿ ಒಂದನ್ನು ತೆಗೆಯುತ್ತೇನೆ. ಕರೆಂಟ್ ಮೂರನೇ ಒಂದು ಭಾಗ ಇಳಿಯುತ್ತದೆ. 9 ವಾಟ್‌ನದು 6 ವಾಟ್ ಆಗುತ್ತದೆ, ಬೆಳಕು ತುಸು ಕಡಿಮೆ. ಗಿರಾಕಿಗೆ ಮೊದಲೇ ಹೇಳುತ್ತೇನೆ, ಈವರೆಗೆ ಯಾರೂ ತಕರಾರು ಮಾಡಿಲ್ಲ. ಎರಡರಲ್ಲಿ ಯಾವುದನ್ನು ತೆಗೆಯಬೇಕು, ಹಳೆಯ ಎಲ್‌ಇಡಿಯನ್ನು ಕರಗಿಸದೆ ಹೇಗೆ ಎಬ್ಬಿಸಬೇಕು ಎಂಬುದನ್ನು ಹೇಳುವುದಿಲ್ಲ, ಹೊಟ್ಟೆಪಾಡಿನ ವಿಷಯ. ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟ್ ನಿಂತಿರುತ್ತದೆ, ಅದನ್ನಂತೂ ಖಾಲಿ ಮಾಡಿಯೇ ಕೈ ಹಾಕಿ. ಪರೀಕ್ಷೆಗೆ ನೂರು ವಾಟ್‌ನ ಹಳೆಯ ತಂತು ಬಲ್ಬಿನ ಮೂಲಕ ಕರೆಂಟ್ ಹಾಯಿಸುವ ಸೀರೀಸ್ ಬೋರ್ಡ್ ಸಾಕು.

ದರ ಈಗ 40, ಆರು ತಿಂಗಳ ಗ್ಯಾರಂಟಿ. ಐಸಿಯೇ ಸುಟ್ಟವನ್ನು ಮುಟ್ಟುವುದಿಲ್ಲ. ಅವುಗಳ ಎಲ್‌ಇಡಿ ಕಿತ್ತಿಟ್ಟುಕೊಂಡು ಪ್ಲೇಟನ್ನು ಅಲ್ಯೂಮಿನಿಯಂ ತೂಕಕ್ಕೆ ಹಾಕುತ್ತೇನೆ, ಚಹಾ ಖರ್ಚಿಗಾಗುತ್ತದೆ.