ಗಂಟುನೋವಿನ ಕೈಗೆ ಬೆಳಗ್ಗೆ ಕೆಲಸ ಹೇಳಬೇಡಿ

ಬೆಳಗ್ಗೆ ಆರಕ್ಕೆ ಎದ್ದಾಗ ನನ್ನ ಕೈಯಲ್ಲಿ ಹಾಲಿನ ತೊಟ್ಟೆ ಕತ್ತರಿಸಲೂ ಆಗುವುದಿಲ್ಲ. ಅದೇ ಕೈ ಒಂಬತ್ತು ಗಂಟೆಗೆ ಬಂಗುಡೆ ಮೀನು ಕೊಯ್ಯುತ್ತದೆ. ನನಗೆ ಈಗ 68. ಎರಡೂ ಕೈಯ ಬೆರಳ ಬುಡ ಒಟ್ಟಿಗೇ ಬಾತುಕೊಂಡಾಗ 41. ಇಷ್ಟು ವರ್ಷ ಉಡುಪಿ ಹತ್ತಿರದ ಕಲ್ಯಾಣಪುರದ ಈ ಮನೆಯಲ್ಲಿ ಅಡುಗೆ ನಿಲ್ಲಲಿಲ್ಲ. ಕೆಲಸವನ್ನು ಕೈಯ ಹೊತ್ತಿಗೆ ಹೊಂದಿಸಿಕೊಂಡೆ, ಅಷ್ಟೇ.

ಮೊದಲು ನಿಮ್ಮದು ಯಾವ ನೋವು ಅಂತ ತಿಳಿದುಕೊಳ್ಳಿ. ವಯಸ್ಸಾಗಿ ಮೊಣಕಾಲು ಸವೆದ ನೋವು ನಡೆದಷ್ಟು ಜಾಸ್ತಿಯಾಗುತ್ತದೆ, ಕೂತರೆ ಇಳಿಯುತ್ತದೆ. ಬೆಳಗ್ಗಿನ ಬಿಗಿತವೂ ಅರ್ಧ ಗಂಟೆಯೊಳಗೆ ಬಿಡುತ್ತದೆ. ನನ್ನದು ರುಮಟಾಯ್ಡ್, ಮೈಯ ರೋಗ ತಡೆಯುವ ಶಕ್ತಿಯೇ ಗಂಟುಗಳ ಮೇಲೆ ತಿರುಗಿಬೀಳುವ ಉರಿಯೂತದ್ದು. ಸುಮ್ನೆ ಕೂತಷ್ಟೂ ಬಿಗಿಯುತ್ತದೆ, ಆಡಿಸಿದರೆ ಸಡಿಲಾಗುತ್ತದೆ. ಬೆಳಗ್ಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಗಿತ ಇದ್ದರೆ, ಎರಡೂ ಕೈಯ ಸಣ್ಣ ಗಂಟುಗಳು ಒಟ್ಟಿಗೆ ಬಾತರೆ, ಎಣ್ಣೆ ತಿಕ್ಕುತ್ತಾ ತಿಂಗಳು ಕಳೆಯಬೇಡಿ. ಡಾಕ್ಟರ ಹತ್ತಿರ ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ಬಿಸಿಯಾಗಿ ಬಾತಿರುವ ಗಂಟನ್ನು ಗಟ್ಟಿಯಾಗಿ ತಿಕ್ಕಲೇಬಾರದು. ಅದಕ್ಕೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಹಿತ. ಬರೀ ಬಿಗಿತ ಇದ್ದರೆ ಬಿಸಿನೀರು.

ಆ ಬಿಸಿನೀರೇ ನನ್ನ ದಿನದ ಮೊದಲ ಕೆಲಸ. ಬಚ್ಚಲಲ್ಲಿ ಸ್ಟೂಲು ಹಾಕಿ ಕೂತು, ಬಾಲ್ದಿಯ ಬೆಚ್ಚಗಿನ ನೀರಲ್ಲಿ ಕೈ ಮುಳುಗಿಸಿ ಮುಷ್ಟಿ ಕಟ್ಟುತ್ತೇನೆ, ಬಿಡುತ್ತೇನೆ. ಹತ್ತು ನಿಮಿಷ. ಅಷ್ಟರವರೆಗೆ ಅಡುಗೆಮನೆಗೆ ಹೋಗುವುದಿಲ್ಲ. ತಿಂಡಿಗೆ ಬೇಕಾದ್ದೆಲ್ಲ ಹಿಂದಿನ ಸಂಜೆಯೇ ತಯಾರು. ಸಂಜೆ ನನ್ನ ಕೈ ಚೆನ್ನಾಗಿರುತ್ತದೆ, ನೀರುದೋಸೆಯ ಹಿಟ್ಟನ್ನು ಆಗಲೇ ಕಡೆದು ಫ್ರಿಜ್ಜಲ್ಲಿಡುತ್ತೇನೆ. ಕಾಯಿತುರಿಯೂ ಡಬ್ಬದಲ್ಲಿ ಇರುತ್ತದೆ.

ನಮ್ಮ ಊರಿನ ಅಡುಗೆಯಲ್ಲಿ ಕೈ ಕೊಲ್ಲುವುದು ತೆಂಗಿನಕಾಯಿ. ನೆಲದಲ್ಲಿ ಕೂತು ಮಣೆಯಲ್ಲಿ ಹೆರೆಯುವಾಗ ಮೊಣಕಾಲಿಗೂ ಮಣಿಕಟ್ಟಿಗೂ ಒಟ್ಟಿಗೆ ಪೆಟ್ಟು. ನಾನು ಬಿಟ್ಟು ಹದಿನೈದು ವರ್ಷವಾಯಿತು. ಒಡೆದ ಕಾಯಿಯ ಹೋಳುಗಳನ್ನು ರಾತ್ರಿ ಫ್ರೀಜರಲ್ಲಿಟ್ಟು, ಬೆಳಗ್ಗೆ ಸ್ವಲ್ಪ ಹೊತ್ತು ಹೊರಗಿಟ್ಟರೆ ತಿರುಳು ಚಿಪ್ಪಿನಿಂದ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ತುಂಡು ಮಾಡಿ ಮಿಕ್ಸಿಯಲ್ಲಿ ತಿರುಗಿಸಿದರೆ ತುರಿ ಆಯಿತು. ವಾರಕ್ಕೊಮ್ಮೆ ನಾಲ್ಕು ಕಾಯಿ ಮಾಡಿಟ್ಟರೆ ಗಸಿಗೂ ಪಲ್ಯಕ್ಕೂ ಸಾಕು. ಹೆರೆದದ್ದರ ರುಚಿ ಇಲ್ಲ ಅನ್ನುವವರು ಮನೆಯಲ್ಲಿದ್ದರೆ ಅವರೇ ಹೆರೆದು ಕೊಡಲಿ.

ಕುಚ್ಚಲಕ್ಕಿ ಗಂಜಿ ಬಸಿಯುವಾಗ ಪಾತ್ರೆ ಎತ್ತಿ ಬಗ್ಗಿಸಬೇಡಿ. ಅಷ್ಟು ಭಾರ ಎರಡು ಹೆಬ್ಬೆರಳ ಮೇಲೆ ಬೀಳುತ್ತದೆ. ಪಾತ್ರೆ ಅಲ್ಲೇ ಇರಲಿ, ತೂತಿರುವ ಸೌಟಿನಲ್ಲಿ ಅನ್ನ ತೆಗೆಯಿರಿ. ಡಬ್ಬದ ಮುಚ್ಚಳವನ್ನು ಬೆರಳಿನಿಂದ ತಿರುಗಿಸಬೇಡಿ, ಮೇಲೆ ಒದ್ದೆ ಬಟ್ಟೆ ಹಾಕಿ ಅಂಗೈಯಿಂದ ತಿರುಗಿಸಿ. ಪೇಟೆಯ ಚೀಲ ಬೆರಳಲ್ಲಿ ಬೇಡ, ಮೊಣಕೈಗೆ ಸಿಕ್ಕಿಸಿ. ದಪ್ಪ ಟರ್ಕಿ ಟವೆಲ್ ಹಿಂಡುವುದು ನಮ್ಮಂಥವರ ಕೈಗೆ ಶತ್ರು. ತೆಳು ಬೈರಾಸಿಗೆ ಬನ್ನಿ, ಹಿಂಡದೆ ನೀರು ಸೋರುತ್ತಿರುವಾಗಲೇ ಹರವಿ.

ಈಗ ಮದ್ದಿನ ಮಾತು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಡಾಕ್ಟರು ನನಗೆ ಮೆಥೋಟ್ರೆಕ್ಸೇಟ್ ಅನ್ನುವ, ಈ ಕಾಯಿಲೆಯನ್ನೇ ಹತೋಟಿಯಲ್ಲಿಡುವ ಮಾತ್ರೆ ಬರೆದುಕೊಟ್ಟಿದ್ದರು. ಒಂದು ತಿಂಗಳು ತೆಗೆದುಕೊಂಡೆ, ಏನೂ ವ್ಯತ್ಯಾಸ ಕಾಣಲಿಲ್ಲ. ಈ ಮದ್ದು ಹಿಡಿಯಲು 6ರಿಂದ 12 ವಾರ ಬೇಕು ಅಂತ ನನಗೆ ಗೊತ್ತಿರಲಿಲ್ಲ. ಬಿಟ್ಟೆ. ಯಾರೋ ಹೇಳಿದರು ಅಂತ ಒಂದು ಪುಡಿ ತರಿಸಿದೆ. ನಾಲ್ಕೇ ದಿನದಲ್ಲಿ ನೋವು ಮಾಯ! ಊರಿಗೆಲ್ಲ ಹೇಳಿದೆ. ಎಂಟು ತಿಂಗಳಲ್ಲಿ ಮುಖ ದುಂಡಗೆ ಊದಿತು, ಸಕ್ಕರೆ ಏರಿತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕು ಅಂತ ಡಾಕ್ಟರು ಅಂದರು. ಅದನ್ನೂ ತಟ್ಟನೆ ನಿಲ್ಲಿಸುವ ಹಾಗಿಲ್ಲ, ಅವರೇ ಸ್ಟೀರಾಯ್ಡ್ ಮಾತ್ರೆ ಕೊಟ್ಟು ನಿಧಾನವಾಗಿ ಇಳಿಸಬೇಕಾಯಿತು. ನೋವು ಇರಲಿಲ್ಲ ನಿಜ, ಆದರೆ ಒಳಗೆ ಗಂಟು ಹಾಳಾಗುತ್ತಲೇ ಇತ್ತು. ನನ್ನ ಬಲಗೈಯ ಎರಡು ಬೆರಳು ಸೊಟ್ಟಗಾದದ್ದು ಆ ಎಂಟು ತಿಂಗಳಲ್ಲಿ. ಅವು ಮತ್ತೆ ನೆಟ್ಟಗಾಗಲಿಲ್ಲ.

ಈಗ ಮತ್ತೆ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆ. ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ರಕ್ತದ ಕಣಗಳು ಇಳಿಯುತ್ತವೆ, ಜೀವಕ್ಕೇ ಅಪಾಯ. ನನ್ನದು ಭಾನುವಾರ. ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ನುಂಗಿದ ಮೇಲೆ ಅಡ್ಡಗೆರೆ ಎಳೆಯುತ್ತೇನೆ. ಅದರ ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆಸಿಡ್ ಮಾತ್ರೆ ಬೇರೆ ದಿನ. ಡಾಕ್ಟರು ಹೇಳಿದ ಹೊತ್ತಿಗೆ ರಕ್ತ, ಲಿವರ್ ಪರೀಕ್ಷೆ ತಪ್ಪಿಸುವುದಿಲ್ಲ. ಇದೇ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುವವರು ಕಣ್ಣನ್ನೂ ತೋರಿಸುತ್ತಿರಬೇಕು. ಮಗು ಬೇಕು ಅಂದುಕೊಂಡ ಹೆಣ್ಣುಮಕ್ಕಳು ಮೊದಲೇ ಡಾಕ್ಟರಿಗೆ ಹೇಳಿ. ಮೆಥೋಟ್ರೆಕ್ಸೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಆಗುವುದೇ ಇಲ್ಲ. ಮೆಡಿಕಲ್‌ನಲ್ಲಿ ಸಿಗುವ ನೋವಿನ ಮಾತ್ರೆಯನ್ನು ನಿಮ್ಮಷ್ಟಕ್ಕೆ ತಿಂಗಳುಗಟ್ಟಲೆ ತಿನ್ನಬೇಡಿ, ಹೊಟ್ಟೆ ಮತ್ತು ಕಿಡ್ನಿ ಎರಡಕ್ಕೂ ಕೆಟ್ಟದ್ದು.

ಊಟದ ಬಗ್ಗೆ ಪ್ರತಿಯೊಬ್ಬರೂ ಒಂದೊಂದು ಹೇಳುತ್ತಾರೆ. ಬದನೆ ಬೇಡ, ಹುಳಿ ಬೇಡ, ಉದ್ದು ವಾಯು. ಎಲ್ಲರ ಮಾತು ಕೇಳಿ ಒಂದು ವರ್ಷ ಎಲ್ಲ ಬಿಟ್ಟೆ. ತೂಕ ಇಳಿಯಿತು, ನೋವು ಇಳಿಯಲಿಲ್ಲ. ತಿಂದು ನೋಡಿ, ನಿಮಗೆ ಆಗದ್ದನ್ನು ಮಾತ್ರ ಬಿಡಿ. ಬೂತಾಯಿ, ಬಂಗುಡೆಯ ಎಣ್ಣೆಯಲ್ಲಿ ಒಮೆಗಾ 3 ಇದೆ, ನಮ್ಮಂಥ ಗಂಟುಗಳಿಗೆ ಒಳ್ಳೆಯದು. ಆದರೆ ಯೂರಿಕ್ ಆಸಿಡ್ ಏರಿ ಕಾಲಿನ ಹೆಬ್ಬೆರಳು ಬಾಯುವವರಿಗೆ ಅದೇ ಮೀನು ಆಗದು. ನೋವೆಲ್ಲ ಒಂದೇ ಅಲ್ಲ ಅಂತ ನಾನು ಹೇಳಿದ್ದು ಇದಕ್ಕೇ.

ಸುಸ್ತು ಕೂಡ ಈ ಕಾಯಿಲೆಯದ್ದೇ. ಅದು ಹೊರಗೆ ಕಾಣುವುದಿಲ್ಲ. ಸೊಸೆ ಬಂದ ಹೊಸದರಲ್ಲಿ, ಅತ್ತೆ ನಿನ್ನೆ ಚೆನ್ನಾಗಿದ್ದರು, ಇವತ್ತು ಯಾಕೆ ಮಲಗಿದ್ದಾರೆ ಅಂತ ಗಾಬರಿಯಾಗುತ್ತಿದ್ದಳು. ಅವಳನ್ನು ಕೂರಿಸಿ ಎಲ್ಲ ಹೇಳಿದೆ. ನೀವೂ ಮನೆಯವರಿಗೆ ಬಾಯಿಬಿಟ್ಟು ಹೇಳಿ. ಅಷ್ಟಮಿಯ ಚಕ್ಕುಲಿ, ಉಂಡೆ ಈಗ ನಮ್ಮಲ್ಲಿ ಮೂರು ದಿನದ ಕೆಲಸ. ಚಕ್ಕುಲಿ ಒತ್ತುವುದು ಮಗ. ಎಲೆಯಲ್ಲಿ ಬೇಯಿಸುವ ಇಡ್ಲಿ, ಮೂಡೆಯ ಎಲೆಕೊಟ್ಟೆ ಕಟ್ಟಿದ್ದೇ ಪೇಟೆಯಲ್ಲಿ ಸಿಗುತ್ತದೆ, ತಂದರಾಯಿತು.

ಮಳೆಗಾಲದಲ್ಲಿ ಎರಡು ವಿಷಯ ನೆನಪಿಡಿ. ಸ್ಟೀರಾಯ್ಡ್ ತಿಂದವರ ಎಲುಬು ತೆಳು, ಜಾರಿ ಬಿದ್ದರೆ ಮುರಿಯುತ್ತದೆ. ಪಾಚಿ ಹಿಡಿದ ಕೆಂಪುಕಲ್ಲಿನ ಮೆಟ್ಟಿಲಿಗೆ ಜೂನ್ ಮೊದಲೇ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ, ಅಂಗಳದಲ್ಲಿ ಅಡಕೆ ಸೋಗೆ ಹಾಸಿಸಿ. ಇನ್ನೊಂದು, ನಮ್ಮ ಮದ್ದು ರೋಗ ತಡೆಯುವ ಶಕ್ತಿಯನ್ನು ಕಡಿಮೆ ಮಾಡುತ್ತದೆ. ನಮ್ಮ ಜಿಲ್ಲೆಗಳಲ್ಲಿ ಇಲಿಜ್ವರ, ಡೆಂಗ್ಯೂ ಬರುವ ಕಾಲವೂ ಅದೇ. ಇಲಿಜ್ವರ ಒಡೆದ ಚರ್ಮದ ಮೂಲಕ ಹತ್ತುತ್ತದೆ, ಹಿಮ್ಮಡಿ ಒಡೆದ ಕಾಲಲ್ಲಿ ಗದ್ದೆಯ ಕೆಸರಿಗೆ ಇಳಿಯಬೇಡಿ. ಜ್ವರ ಬಂದರೆ ನಾಳೆ ನೋಡೋಣ ಅನ್ನದೆ ಅವತ್ತೇ ತೋರಿಸಿ. ಆ ವಾರದ ಮೆಥೋಟ್ರೆಕ್ಸೇಟ್ ನುಂಗಬೇಕೋ ಬಿಡಬೇಕೋ ಅಂತ ಡಾಕ್ಟರಿಗೆ ಫೋನು ಮಾಡಿ ಕೇಳಿ, ಆಮೇಲೆ ಡಬ್ಬ ತೆರೆಯಿರಿ.