ಡ್ರ್ಯಾಗ್-ಡ್ರಾಪ್ ಸರಿಹೋಯಿತು, ಹ್ಯಾಂಡ್ಲರ್ ಕೋಡ್ ಮುಟ್ಟದೆಯೇ

ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ಡೆಸ್ಕ್‌ಟಾಪ್‌ಗೆ ಪ್ರೋಗ್ರಾಂ ಬರೆಯುವ ಡಾಟ್‌ನೆಟ್ ಸಾಧನ) ಬರೆದ ಪ್ರೋಗ್ರಾಂ. ಎಕ್ಸ್‌ಪ್ಲೋರರ್‌ನಿಂದ ಫೈಲ್ ಎಳೆದು ಲಿಸ್ಟ್ ಮೇಲೆ ಬಿಡಬೇಕು, ಅಷ್ಟೇ. ನಮ್ಮ ಮಷಿನ್‌ಗಳಲ್ಲಿ ಚೆನ್ನಾಗಿತ್ತು. ಗ್ರಾಹಕರ ಕಡೆ ಬರೀ 'ಇಲ್ಲಿ ಬಿಡುವಂತಿಲ್ಲ' ಎನ್ನುವ ಕರ್ಸರ್. ಅಲೌಡ್ರಾಪ್ (ಡ್ರಾಪ್‌ಗೆ ಒಪ್ಪಿಗೆ), ಎಸ್‌ಟಿಎಥ್ರೆಡ್ (ಡ್ರ್ಯಾಗ್-ಡ್ರಾಪ್‌ಗೆ ಬೇಕಾದ ಥ್ರೆಡ್ ಗುರುತು), ಎಫೆಕ್ಟ್ (ಬಿಟ್ಟದ್ದನ್ನು ನಕಲು ಮಾಡಬೇಕೋ ಸರಿಸಬೇಕೋ ಎಂಬ ಉತ್ತರ) ಎಲ್ಲ ಸರಿಯಾಗೇ ಇದ್ದವು. ಹೆಚ್ಚುಕಮ್ಮಿ ಅರ್ಧ ಬಿಲ್ ಇದೊಂದಕ್ಕೇ ನಿಂತಿತ್ತು.

ತಂಡದವರು ಹ್ಯಾಂಡ್ಲರನ್ನೇ, ಅಂದರೆ ಫೈಲ್ ಬಿಟ್ಟಾಗ ಓಡುವ ಕೋಡನ್ನೇ, ಮತ್ತೆ ಮತ್ತೆ ಬರೆದರು. ಆಮೇಲೆ ದುಡ್ಡು ಕೊಟ್ಟು ಬೇರೆ ಗ್ರಿಡ್ ಕಂಟ್ರೋಲ್ ತಂದರು. ಅದರಲ್ಲೂ ಅದೇ ಕಥೆ, ಲೈಸೆನ್ಸ್ ದುಡ್ಡು ನೀರುಪಾಲು. 'ಕೋಡ್ ಬಿಡಿ, ಮೊದಲು ಲಾಗ್ ಹಾಕೋಣ' ಎಂದು ನಾನು ಹೇಳಿದಾಗ ನಕ್ಕವರೇ ಜಾಸ್ತಿ.

ಪ್ರತಿ ಈವೆಂಟಿಗೆ ಒಂದೊಂದು ಸಾಲು ಫೈಲಿಗೆ ಬರೆಸಿದೆ. ಕೋಡನ್ನು ನಡುವೆ ತಡೆದು ನೋಡುವ ಬ್ರೇಕ್‌ಪಾಯಿಂಟ್ ಇಲ್ಲಿ ಬೇಡ. ಡ್ರ್ಯಾಗ್ ನಡುವೆ ನಿಲ್ಲಿಸಿದರೆ ಎಕ್ಸ್‌ಪ್ಲೋರರ್ ಕೂಡ ಸಿಕ್ಕಿಹಾಕಿಕೊಳ್ಳುತ್ತದೆ. ಡ್ರ್ಯಾಗ್‌ಎಂಟರ್ (ಎಳೆದದ್ದು ಲಿಸ್ಟ್ ಮೇಲೆ ಬಂದಾಗಿನ ಈವೆಂಟ್) ಬಂದು ಡ್ರ್ಯಾಗ್‌ಡ್ರಾಪ್ (ಬಿಟ್ಟಾಗಿನ ಈವೆಂಟ್) ಬರದಿದ್ದರೆ ಎಫೆಕ್ಟ್ ನೋಡಬೇಕು. ಡ್ರಾಪ್ ಬಂದೂ ಏನೂ ಆಗದಿದ್ದರೆ ಒಳಗೆ ಎಕ್ಸೆಪ್ಶನ್ (ದೋಷ) ಎದ್ದಿರಬಹುದು. ಅದು ಸದ್ದಿಲ್ಲದೆ ನುಂಗಿಹೋಗುತ್ತದೆ, ದೋಷ ಹಿಡಿಯುವ ಟ್ರೈ-ಕ್ಯಾಚ್ ಹಾಕದೆ ಕಾಣೋದಿಲ್ಲ. ಗ್ರಾಹಕರ ಲಾಗ್‌ನಲ್ಲಿ ಡ್ರ್ಯಾಗ್‌ಎಂಟರ್ ಕೂಡ ಇರಲಿಲ್ಲ. ಬಾಗಿಲಿಗೇ ಬಂದಿಲ್ಲ ಅಂದಮೇಲೆ ಒಳಗೆ ಹುಡುಕಿ ಏನು ಪ್ರಯೋಜನ?

ಅವರ ಶಾರ್ಟ್‌ಕಟ್ ಪ್ರೋಗ್ರಾಂ ಅನ್ನು ಅಡ್ಮಿನ್ ಆಗಿ ಓಡಿಸುತ್ತಿತ್ತು. ಎಕ್ಸ್‌ಪ್ಲೋರರ್ ಮಾಮೂಲಿ ಮಟ್ಟದಲ್ಲಿರುತ್ತದೆ. ವಿಂಡೋಸ್ ವಿಸ್ತಾದಿಂದ ಈಚೆಗೆ ಕೆಳಗಿನ ಅಧಿಕಾರದ ಮಟ್ಟದಿಂದ ಮೇಲಕ್ಕೆ ಡ್ರಾಪ್ ಮಾಡಲು ವಿಂಡೋಸ್ ಬಿಡುವುದಿಲ್ಲ. ಕೋಡ್ ಬರೆಯುವ ವಿಷುವಲ್ ಸ್ಟುಡಿಯೊವನ್ನು ಅಡ್ಮಿನ್ ಆಗಿ ತೆರೆದು ಡಿಬಗ್ ಮಾಡಿದರೂ ಇದೇ ಪಾಡು.

ಮಧ್ಯೆ ಒಂದು ಪ್ರಯೋಗವನ್ನೂ ಮಾಡಿದೆ. ಅಲೌಡ್ರಾಪ್ ತೆಗೆದು, ಫೈಲ್ ಪಡೆಯುವ ವಿಂಡೋಸ್‌ನ ಹಳೆಯ ದಾರಿಯಾದ ಡ್ರ್ಯಾಗ್‌ಆಕ್ಸೆಪ್ಟ್‌ಫೈಲ್ಸ್ ಹಾಕಿ, ಕೆಳಮಟ್ಟದ ಸಂದೇಶಗಳನ್ನು ತಡೆಯುವ ಮೆಸೇಜ್ ಫಿಲ್ಟರ್‌ನಲ್ಲಿ ಹೆಕ್ಸ್ 233, 4ಎ, 49 ಎಂಬ ಮೂರು ಸಂದೇಶಗಳಿಗೂ ದಾರಿ ಬಿಟ್ಟೆ. ಅಡ್ಮಿನ್ ಆಗಿದ್ದರೂ ಫೈಲ್ ಬಂತು! ಆದರೆ ಬರುವುದು ಫೈಲ್ ಮಾತ್ರ, ಟೆಕ್ಸ್ಟ್ ಬರೋದಿಲ್ಲ. ಹಾಗಾಗಿ ಕೈಬಿಟ್ಟೆ. ಅಡ್ಮಿನ್ ಬೇಕಾಗಿದ್ದ ಒಂದೇ ಕೆಲಸವನ್ನು ಬೇರೆ ಚಿಕ್ಕ ಪ್ರೋಗ್ರಾಂಗೆ (.exe) ಸಾಗಿಸಿದೆ, ಮುಖ್ಯ ಪ್ರೋಗ್ರಾಂ ಮಾಮೂಲಿಯಾಗಿ ಓಡಿತು. ಹ್ಯಾಂಡ್ಲರಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ನಕ್ಕವರೇ ಈಗ ಆ ಲಾಗ್ ಕ್ಲಾಸ್ ಕೇಳಿ ಪಡೆದಿದ್ದಾರೆ.

ಬಿಲ್ ಬಂತು. ಈಗ ಕ್ಲಾಸಿಕ್ ಔಟ್‌ಲುಕ್‌ನ ಅಟ್ಯಾಚ್‌ಮೆಂಟನ್ನೂ ಎಳೆದು ಬಿಡಬೇಕಂತೆ. ಅಲ್ಲಿ ಫೈಲ್‌ಡ್ರಾಪ್ (ಡಿಸ್ಕಿನ ಫೈಲ್‌ಗಳ ಹಾದಿಪಟ್ಟಿ) ಸಿಗೋದಿಲ್ಲ, ಫೈಲ್‌ಗ್ರೂಪ್‌ಡಿಸ್ಕ್ರಿಪ್ಟರ್ (ಅಟ್ಯಾಚ್‌ಮೆಂಟ್ ಹೆಸರುಗಳ ವಿವರ) ಓದಬೇಕು. ಹಲವು ಅಟ್ಯಾಚ್‌ಮೆಂಟ್ ಒಟ್ಟಿಗೆ ಬಿಟ್ಟಾಗ ಎರಡನೆಯದರಿಂದ ಮುಂದಿನವನ್ನು ಎತ್ತುವ ಟ್ರಿಕ್ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದರ ದುಡ್ಡು ಇನ್ನೂ ಬರಬೇಕು.