ನೀರು ಬಸಿಯದೆ ಲಪ್ಶೇವ್ನಿಕ್ ಇಲ್ಲ

ಅಳತೆ ತಪ್ಪಿ ಹೆಚ್ಚಾಗಿ ಬೇಯಿಸಿಬಿಟ್ಟ ಶಾವಿಗೆಯನ್ನು ಮರುದಿನ ಏನು ಮಾಡುವುದೆಂಬ ಚಿಂತೆಗೆ ರಷ್ಯಾದ ಮನೆಗಳಲ್ಲಿ ಲಪ್ಶೇವ್ನಿಕ್ ಎಂಬ ಪರಿಹಾರವಿದೆ. ಲಪ್ಶಾ ಎಂದರೆ ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ತೆಳುವಾಗಿ ಲಟ್ಟಿಸಿ, ಸಣ್ಣ ಎಳೆಗಳಾಗಿ ಕತ್ತರಿಸಿ ಒಣಗಿಸಿದ ಪದಾರ್ಥ. ಅದನ್ನು ಬೇಯಿಸಿ, ಮೊಸರಿನ ಗಟ್ಟಿಯಾದ ತ್ವರೋಗ್, ಮೊಟ್ಟೆ, ಸಕ್ಕರೆಗಳೊಡನೆ ಬೆರೆಸಿ ಓವನ್ನಿನಲ್ಲಿ ಕೆಂಪಗೆ ಬೇಯಿಸಿದರೆ ಲಪ್ಶೇವ್ನಿಕ್ ಆಗುತ್ತದೆ. ಹೀಗೆ ಒಲೆಯೊಳಗಿಟ್ಟು ಬೇಯಿಸುವ ತಿನಿಸುಗಳಿಗೆಲ್ಲ ಅಲ್ಲಿ ಜಪೆಕಾಂಕಾ ಎಂಬ ಸಾಮಾನ್ಯ ಹೆಸರಿದೆ. ಶಾವಿಗೆಯ ಬದಲು ಮ್ಯಾಕರೋನಿ ಬಳಸಿದರೆ ಮಕರೋನ್ನಿಕ್, ಬೇಯಿಸಿದ ಗ್ರೇಚ್ಕಾ, ಅಂದರೆ ಬಕ್‌ವೀಟ್ ಕಾಳು, ಬಳಸಿದರೆ ಕ್ರುಪೆನಿಕ್. ಲಪ್ಶಾ ಎಂಬ ಮಾತು ತುರ್ಕಿ ಮೂಲದ ಭಾಷೆಗಳಿಂದ ರಷ್ಯನ್ನಿಗೆ ಬಂದದ್ದು. ಪೂರ್ವ ಯುರೋಪಿನ ಯಹೂದಿಗಳು ಇಂಥದೇ ತಿನಿಸಿಗೆ ಲೋಕ್ಶೆನ್ ಕುಗೆಲ್ ಎನ್ನುತ್ತಾರೆ, ಹೆಸರಿನಲ್ಲೇ ನೆಂಟಸ್ತಿಕೆ ಕಾಣುತ್ತದೆ. ಸುಳ್ಳು ಹೇಳಿ ನಂಬಿಸುವುದಕ್ಕೆ ರಷ್ಯನ್ನರು ‘ಕಿವಿಗೆ ಲಪ್ಶಾ ನೇತುಹಾಕುವುದು’ ಎನ್ನುತ್ತಾರೆ. ನಾವು ಕಿವಿಗೆ ಹೂವಿಟ್ಟರೆ ಅವರು ಶಾವಿಗೆ ಇಡುತ್ತಾರೆ, ಅಷ್ಟೇ ವ್ಯತ್ಯಾಸ.

ನಮ್ಮ ಯಜಮಾನರ ಕೆಲಸದ ನಿಮಿತ್ತ ಎಂಬತ್ತರ ದಶಕದಲ್ಲಿ ನಾಲ್ಕು ವರ್ಷ ಮಾಸ್ಕೋದಲ್ಲಿದ್ದಾಗ ಇದನ್ನು ನನಗೆ ಕಲಿಸಿದವರು ಪಕ್ಕದ ಮನೆಯ ಅಜ್ಜಿ. ಮೊದಲ ಸಲ ನಾನು ಅವರ ಮುಂದೆ ಮಾಡದೆ, ಕೇಳಿ ಬರೆದುಕೊಂಡದ್ದನ್ನು ನೋಡಿಕೊಂಡು ಒಬ್ಬಳೇ ಮಾಡಿದೆ. ಮುಕ್ಕಾಲು ಗಂಟೆಯ ಮೇಲೆ ಓವನ್ ತೆರೆದರೆ ಮೇಲೆ ಕೆಂಪು ಪದರ, ಅದರ ಕೆಳಗೆ ನೀರಿನಲ್ಲಿ ತೇಲುವ ಶಾವಿಗೆ. ಅಜ್ಜಿ ಬಂದು ನೋಡಿ, ಮೊಟ್ಟೆ ಎಷ್ಟು, ಸಕ್ಕರೆ ಎಷ್ಟು ಎಂದು ಯಾವುದನ್ನೂ ಕೇಳಲಿಲ್ಲ. ಶಾವಿಗೆಯನ್ನು ಎಷ್ಟು ಹೊತ್ತು ಬಸಿದೆ, ತ್ವರೋಗನ್ನು ಎಷ್ಟು ಹೊತ್ತು ಕಟ್ಟಿ ತೂಗುಹಾಕಿದ್ದೆ ಎಂಬ ಎರಡೇ ಪ್ರಶ್ನೆ ಕೇಳಿದರು. ಈ ತಿನಿಸಿನಲ್ಲಿ ಕೆಡುವುದೇನಾದರೂ ಇದ್ದರೆ ಅದು ನೀರಿನಿಂದಲೇ ಕೆಡುತ್ತದೆ ಎಂಬುದು ಅಂದಿನಿಂದ ನನಗೆ ಖಚಿತವಾಗಿರುವುದರಿಂದ, ಮುಂದೆ ಹೇಳುವ ಸಲಹೆಗಳಲ್ಲಿ ಹೆಚ್ಚಿನವು ನೀರನ್ನು ಹೊರಗಿಡುವ ಬಗೆಗೇ ಇವೆ.

ಮೊದಲು ಶಾವಿಗೆಯ ವಿಚಾರ. ಮನೆಯಲ್ಲೇ ಲಪ್ಶಾ ಮಾಡುವ ಉತ್ಸಾಹವಿದ್ದವರು ಒಂದೂವರೆ ಲೋಟ ಮೈದಾಕ್ಕೆ ಎರಡು ಮೊಟ್ಟೆ ಮತ್ತು ಕಾಲು ಚಮಚ ಉಪ್ಪು ಹಾಕಿ, ನೀರನ್ನು ಹನಿಹನಿಯಾಗಿ ಮಾತ್ರ ಸೇರಿಸುತ್ತ, ಪೂರಿಯ ಹಿಟ್ಟಿಗಿಂತಲೂ ಗಟ್ಟಿಯಾಗಿ ಕಲಸಬೇಕು. ಲೋಟವೆಂದರೆ ಅಲ್ಲಿ ಮುಖಮುಖವಾಗಿ ಕಡೆದಂತಿರುವ ಗಾಜಿನ ಲೋಟ; ಗುಸ್-ಖ್ರುಸ್ತಾಲ್ನಿ ಪಟ್ಟಣದಲ್ಲಿ 1943ರಿಂದ ತಯಾರಾಗತೊಡಗಿದ ಈ ಲೋಟವೇ ಮನೆಮನೆಯ ಅಳತೆಯ ಪಾತ್ರೆಯೂ ಆಗಿತ್ತು, ಅಂಚಿನವರೆಗೆ ತುಂಬಿದರೆ 250 ಮಿಲಿಲೀಟರ್ ಹಿಡಿಯುವ ಅದರಲ್ಲಿ ಸುಮಾರು 160 ಗ್ರಾಂ ಮೈದಾ ಕೂರುತ್ತದೆ. ಹಿಟ್ಟನ್ನು ಅರ್ಧ ಗಂಟೆ ಮುಚ್ಚಿಟ್ಟು, ಕಾಗದದಷ್ಟು ತೆಳುವಾಗಿ ಲಟ್ಟಿಸಿ, ಶುಭ್ರವಾದ ಬಟ್ಟೆಯ ಮೇಲೆ ಹದಿನೈದಿಪ್ಪತ್ತು ನಿಮಿಷ ಆರಿಸಿ, ಸುರುಳಿ ಸುತ್ತಿ ಸಣ್ಣಗೆ ಕತ್ತರಿಸಿ ಬಿಡಿಸಿಕೊಳ್ಳಬೇಕು. ಆರಿಸದೆ ಸುತ್ತಿದರೆ ಸುರುಳಿಯೆಲ್ಲ ಒಂದಕ್ಕೊಂದು ಅಂಟಿ ಮತ್ತೆ ಮುದ್ದೆಯಾಗುತ್ತದೆ, ಅತಿಯಾಗಿ ಆರಿಸಿದರೆ ಸುತ್ತುವಾಗಲೇ ಮುರಿಯುತ್ತದೆ. ಇಷ್ಟರಲ್ಲಿ ಲಪ್ಶೇವ್ನಿಕ್‌ಗೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಆಗುತ್ತದೆ. ಮಿಕ್ಕದ್ದು ಅಲ್ಲಿ ಕೋಳಿಯ ಸಾರಿಗೆ ಹೋಗುತ್ತದೆ.

ಅಂಗಡಿಯ ಶಾವಿಗೆ ತರುವುದಾದರೆ ಗಟ್ಟಿ ಗೋಧಿಯ ರವೆಯಿಂದ ಮಾಡಿದ ತೆಳು ಶಾವಿಗೆ ಒಳ್ಳೆಯದು. ನಮ್ಮ ಅಕ್ಕಿಯ ಒತ್ತು ಶಾವಿಗೆಯನ್ನು ಇದಕ್ಕೆ ಬಳಸಬಾರದು, ಮೊಟ್ಟೆ ಮತ್ತು ಮೊಸರಿನ ಗಟ್ಟಿಯೊಡನೆ ಬೆರೆಸುವಾಗಲೇ ಅದು ಪುಡಿಯಾಗುತ್ತದೆ. ಇನ್ನೂರು ಗ್ರಾಂ ಒಣ ಶಾವಿಗೆಗೆ ಎರಡು ಲೀಟರಿನಷ್ಟು ಉಪ್ಪುನೀರು ಕುದಿಯುತ್ತಿರಲಿ. ಪೊಟ್ಟಣದ ಮೇಲೆ ಹೇಳಿರುವ ಹೊತ್ತಿಗಿಂತ ಒಂದೆರಡು ನಿಮಿಷ ಮೊದಲೇ, ಹಲ್ಲಿಗೆ ಸ್ವಲ್ಪ ಸಿಗುವಂತಿರುವಾಗಲೇ ಇಳಿಸಬೇಕು, ಏಕೆಂದರೆ ಉಳಿದ ಬೇಯುವಿಕೆ ಓವನ್ನಿನಲ್ಲಿ ಆಗುತ್ತದೆ. ಜಾಲರಿಗೆ ಸುರಿದು ಹಾಗೆಯೇ ಬಿಟ್ಟರೆ ಸಾಲದು, ಎರಡು ಮೂರು ಸಲ ಜಾಡಿಸಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಜಾಡಿಸಬೇಕು. ತಣ್ಣೀರಿನಲ್ಲಿ ತೊಳೆಯುವ ಅಭ್ಯಾಸ ಕೆಲವರಿಗಿದೆ. ತೊಳೆದರೆ ಮೈಮೇಲಿನ ಗಂಜಿ ಹೋಗಿ, ಕತ್ತರಿಸುವಾಗ ತುಂಡುಗಳು ಹಿಡಿದುಕೊಳ್ಳುವುದಿಲ್ಲ. ಆದ್ದರಿಂದ ತೊಳೆಯುವ ಬದಲು ಬಿಸಿಯಿರುವಾಗಲೇ ಒಂದು ಚಮಚ ಬೆಣ್ಣೆ ಹಾಕಿ ಮೃದುವಾಗಿ ಕಲಸಿ, ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಬೇಕು. ಹಿಂದಿನ ದಿನದ ಶಾವಿಗೆ ಮಿಕ್ಕಿದ್ದರೆ ಈ ಶ್ರಮವೂ ಇಲ್ಲ, ಅದು ಒಣಗಿಯೇ ಇರುತ್ತದೆ.

ಇನ್ನು ತ್ವರೋಗ್. ಪನೀರನ್ನು ತುರಿದು ಹಾಕಿದರೆ ಆಗುವುದಿಲ್ಲವೇ ಎಂದು ಕೇಳುವವರು ಬಹಳ ಮಂದಿ. ಪನೀರು ಕುದಿಯುವ ಹಾಲಿಗೆ ನಿಂಬೆರಸ ಹಿಂಡಿ ಒಡೆಸಿದ್ದು. ಅದಕ್ಕೆ ಹುಳಿಯಿಲ್ಲ, ಎಷ್ಟು ಬೇಯಿಸಿದರೂ ಕರಗಿ ಬೆರೆಯುವುದೂ ಇಲ್ಲ, ಬಾಯಿಗೆ ತರಿತರಿಯಾಗಿ ಸಿಗುತ್ತದೆ. ತ್ವರೋಗ್ ಹೆಪ್ಪುಗಟ್ಟಿ ಹುಳಿತ ಹಾಲನ್ನು ಹದವಾಗಿ ಬೆಚ್ಚಗೆ ಮಾಡಿ ಬಸಿದು ತೆಗೆದದ್ದು. ಹಾಗಾಗಿ ಮೊಸರು ಹಾಕುವ ಮನೆಯಲ್ಲಿ ತ್ವರೋಗ್ ಕಷ್ಟದ ಮಾತೇ ಅಲ್ಲ. ಎರಡು ಲೀಟರ್ ಗಟ್ಟಿ ಹಾಲಿಗೆ ಹೆಪ್ಪು ಹಾಕಿ, ಮೊಸರಾದ ಮೇಲೂ ಐದಾರು ಗಂಟೆ ಹೊರಗೇ ಬಿಟ್ಟು, ಸ್ವಲ್ಪ ಹುಳಿ ಬರಿಸಬೇಕು. ಆ ಪಾತ್ರೆಯನ್ನು ಬಿಸಿನೀರಿರುವ ದೊಡ್ಡ ಪಾತ್ರೆಯೊಳಗಿಟ್ಟು, ಸಣ್ಣ ಉರಿಯಲ್ಲಿ, ಸೌಟು ಹಾಕದೆ, ಅಂಚಿನಲ್ಲಿ ಚಾಕುವಿನಿಂದ ನಾಲ್ಕಾರು ಗೆರೆ ಮಾತ್ರ ಎಳೆದು ಕಾಯಬೇಕು. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಹಳದಿ ಮಿಶ್ರಿತ ಹಸಿರು ನೀರು ಬೇರ್ಪಟ್ಟು ಗಟ್ಟಿ ಭಾಗ ಕುಗ್ಗುತ್ತದೆ. ಬೆರಳು ಅದ್ದಿದರೆ ತಡೆಯಲಾರದಷ್ಟು ಬಿಸಿಯಾಗುವ ಮೊದಲೇ ಇಳಿಸಬೇಕು. ಕುದಿ ಬಂದರೆ ರಬ್ಬರಿನಂತಾಗಿ ಮತ್ತೆ ಸರಿಹೋಗುವುದಿಲ್ಲ. ಪಾತ್ರೆಯಲ್ಲೇ ಆರಿದ ಮೇಲೆ ತೆಳು ಬಟ್ಟೆಗೆ ಸುರಿದು, ಗಂಟು ಕಟ್ಟಿ, ನಲ್ಲಿಗೆ ತೂಗುಹಾಕಿ ನಾಲ್ಕು ಗಂಟೆ ಬಿಟ್ಟರೆ ಸುಮಾರು ನಾನೂರು ಗ್ರಾಂ ತ್ವರೋಗ್ ಸಿಗುತ್ತದೆ. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಅಂಗೈ ಮಾತ್ರ ಒದ್ದೆಯಾಗಬಾರದು, ಇದೇ ಹದ. ಕೆಳಗೆ ಸೋರಿದ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿದರೆ ಬಹಳ ಮೃದುವಾಗುತ್ತದೆ, ಚೆಲ್ಲಬೇಡಿ. ಶ್ರೀಖಂಡಕ್ಕೆ ಕಟ್ಟುವಂತೆ ಮೊಸರನ್ನು ಬಿಸಿ ಮಾಡದೆ ಬರಿದೆ ಬಸಿದು ಹಾಕಿದರೂ ರುಚಿಯೇನೋ ಬರುತ್ತದೆ, ಆದರೆ ಅದರೊಳಗಿನ ನೀರು ಓವನ್ನಿನ ಬಿಸಿಗೆ ಹೊರಬಿದ್ದೇ ತೀರುತ್ತದೆ.

ತ್ವರೋಗ್ ಅತಿ ಹುಳಿಯಾಗಿದ್ದರೆ ಸಕ್ಕರೆ ಹೆಚ್ಚಿಸುವುದು ತಪ್ಪು. ಅಷ್ಟೇ ಪ್ರಮಾಣದ ಹಾಲಿನಲ್ಲಿ ಒಂದು ಗಂಟೆ ನೆನೆಸಿ, ಮತ್ತೆ ಬಟ್ಟೆಯಲ್ಲಿ ಬಸಿದರೆ ಹುಳಿ ತಗ್ಗುತ್ತದೆ. ಸೋಡಾ ಹಾಕುವವರನ್ನೂ ನೋಡಿದ್ದೇನೆ, ಆ ವಾಸನೆ ನನಗೆ ಸೇರುವುದಿಲ್ಲ. ಬಸಿದದ್ದನ್ನು ಜರಡಿಯ ಮೂಲಕ ಒಮ್ಮೆ ಉಜ್ಜಿ ತೆಗೆದರೆ ಗಂಟುಗಳಿಲ್ಲದೆ ನುಣ್ಣಗಾಗುತ್ತದೆ. ಅವಸರವಿದ್ದವರು ಮಿಕ್ಸಿಯಲ್ಲಿ ಹಾಕಿದರೆ ಅದು ತೆಳುವಾಗುವುದರಿಂದ ಮತ್ತೆ ನೀರಿನ ತೊಂದರೆಗೇ ಬರುತ್ತಾರೆ.

ಈಗ ಬೆರಕೆ. ನಾನೂರು ಗ್ರಾಂ ತ್ವರೋಗ್‌ಗೆ ಮೂರು ಮೊಟ್ಟೆ, ನಾಲ್ಕು ದೊಡ್ಡ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು, ಎರಡು ದೊಡ್ಡ ಚಮಚ ರವೆ, ಮೂರು ಚಮಚ ಸ್ಮೆತಾನಾ, ಸ್ವಲ್ಪ ವೆನಿಲ್ಲಾ, ಒಂದು ಹಿಡಿ ಒಣದ್ರಾಕ್ಷಿ. ಸ್ಮೆತಾನಾ ಎಂದರೆ ಹುಳಿ ಬಂದ ಕೆನೆ; ಹಾಲಿನ ಕೆನೆಗೆ ಹೆಪ್ಪು ಹಾಕಿ ಬೆಣ್ಣೆ ಕಡೆಯುವ ಮೊದಲು ಇರುವ ಸ್ಥಿತಿ ಅದಕ್ಕೆ ತೀರ ಹತ್ತಿರ. ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಒಂದು ಚಿಟಿಕೆ ಮೈದಾದಲ್ಲಿ ಹೊರಳಿಸಿದರೆ ಅದು ತಳಕ್ಕೆ ಇಳಿಯುವುದಿಲ್ಲ. ಸಕ್ಕರೆ ತ್ವರೋಗಿನೊಳಗಿನ ನೀರನ್ನು ಹೊರಗೆ ಎಳೆಯುತ್ತದೆ ಎಂಬುದನ್ನು ನೆನಪಿಟ್ಟು, ಎಲ್ಲವನ್ನೂ ಕಲಸಿದ ಮೇಲೆ ಹದಿನೈದು ನಿಮಿಷ ಬಿಟ್ಟರೆ ಆ ನೀರನ್ನು ರವೆ ಹೀರಿಕೊಳ್ಳುತ್ತದೆ. ಗಂಟೆಗಟ್ಟಲೆ ಬಿಟ್ಟರೆ ರವೆಗೂ ಮೀರಿ ತೆಳುವಾಗುತ್ತದೆ. ಹಗುರವಾಗಿ ಉಬ್ಬಿರಬೇಕೆಂಬ ಆಸೆಯಿದ್ದರೆ ಮೊಟ್ಟೆಯ ಬಿಳಿಯನ್ನು ಬೇರೆಯಾಗಿ ನೊರೆ ಬರುವಂತೆ ಕಡೆದು ಕೊನೆಯಲ್ಲಿ ಸೇರಿಸಬಹುದು. ಶಾವಿಗೆ ಪೂರ್ತಿ ಆರಿದ ಮೇಲೆಯೇ ಬೆರೆಸಬೇಕು, ಬಿಸಿ ಶಾವಿಗೆಗೆ ಮೊಟ್ಟೆ ತಾಗಿದರೆ ಅಲ್ಲೇ ಹೆರೆಹೆರೆಯಾಗಿ ಬೆಂದುಹೋಗುತ್ತದೆ.

ಅಚ್ಚಿಗೆ ಧಾರಾಳವಾಗಿ ಬೆಣ್ಣೆ ಸವರಿ, ಒಣಗಿದ ಬ್ರೆಡ್ಡಿನ ಪುಡಿಯನ್ನೋ ರಸ್ಕಿನ ಪುಡಿಯನ್ನೋ ಉದುರಿಸಿ, ಅಂಚುಗಳಿಗೂ ತಾಗುವಂತೆ ತಿರುಗಿಸಬೇಕು. ಇದರಿಂದ ತಿನಿಸು ತಳಕ್ಕೆ ಹಿಡಿಯುವುದಿಲ್ಲ, ಕೊನೆಯದಾಗಿ ಇಳಿಯುವ ತೇವವನ್ನೂ ಆ ಪುಡಿಯೇ ಕುಡಿದುಕೊಳ್ಳುತ್ತದೆ. ಬೆರಕೆ ನಾಲ್ಕು ಸೆಂಟಿಮೀಟರಿಗಿಂತ ದಪ್ಪವಿರದಂತೆ ಹರಡಿ, ಮೇಲೆ ಒಂದು ಮೊಟ್ಟೆಯೊಡನೆ ಕದಡಿದ ಸ್ಮೆತಾನಾ ಸವರಿ, ಮೊದಲೇ ಕಾಯಿಸಿಟ್ಟ ಓವನ್ನಿನಲ್ಲಿ 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಯಿಸಬೇಕು. ನಾವಿದ್ದ ಮನೆಯ ಗ್ಯಾಸ್ ಓವನ್ನಿಗೆ ಉರಿ ಕೆಳಗಿನಿಂದ ಮಾತ್ರ ಬರುತ್ತಿದ್ದುದರಿಂದ, ತಳ ಸೀದರೂ ಮೇಲೆ ಬಣ್ಣ ಬರುತ್ತಿರಲಿಲ್ಲ. ಕಲ್ಲುಪ್ಪು ತುಂಬಿದ ಹಳೆಯ ಬಾಣಲೆಯನ್ನು ಅಡಿಯಲ್ಲಿಟ್ಟು, ಅಚ್ಚನ್ನು ಅದರ ಮೇಲಿನ ಅಂತಸ್ತಿಗೆ ಏರಿಸುವ ಉಪಾಯವನ್ನು ಹೇಳಿಕೊಟ್ಟವರೂ ಆ ಅಜ್ಜಿಯೇ. ಅರ್ಧ ಗಂಟೆಯವರೆಗೆ ಓವನ್ ಬಾಗಿಲು ತೆರೆಯಬಾರದು. ನಡುವೆ ಚುಚ್ಚಿದ ಕಡ್ಡಿ ಒಣಗಿ ಬಂದರೆ, ಅಂಚು ಅಚ್ಚನ್ನು ಬಿಟ್ಟಿದ್ದರೆ, ಬೆಂದಿದೆ.

ಆಮೇಲಿನ ಇಪ್ಪತ್ತು ನಿಮಿಷ ತಾಳ್ಮೆಯ ಕಾಲ. ಬಿಸಿಯಿರುವಾಗ ಕತ್ತರಿಸಿದರೆ ಎಂಥ ಒಳ್ಳೆಯ ಲಪ್ಶೇವ್ನಿಕ್ ಕೂಡ ಕುಸಿಯುತ್ತದೆ. ಉಗುರುಬೆಚ್ಚಗಾದ ಮೇಲೆ ಚೌಕವಾಗಿ ಕತ್ತರಿಸಿ, ಸ್ಮೆತಾನಾ ಅಥವಾ ವರೇನ್ಯೆ ಎಂಬ ಇಡೀ ಹಣ್ಣುಗಳ ಪಾಕದೊಡನೆ ಬಡಿಸುತ್ತಾರೆ. ಮಕ್ಕಳಿಗೆ ಸಿಹಿಗಟ್ಟಿಸಿದ ಡಬ್ಬಿ ಹಾಲನ್ನೋ, ಆಲೂಗಡ್ಡೆಯ ಪಿಷ್ಟ ಹಾಕಿ ಮಂದ ಮಾಡಿದ ಹಣ್ಣಿನ ಕಿಸೆಲನ್ನೋ ಮೇಲೆ ಸುರಿದು ಕೊಡುವುದು ವಾಡಿಕೆ. ಹಾಲು ಮೊಟ್ಟೆಗಳೆರಡೂ ಇರುವುದರಿಂದ ಆರ್ಥೊಡಾಕ್ಸ್ ಕ್ರೈಸ್ತರ ದೊಡ್ಡ ಉಪವಾಸದ ದಿನಗಳಲ್ಲಿ ಇದಕ್ಕೆ ಎಡೆಯಿಲ್ಲ.

ಮೊಟ್ಟೆ ತಿನ್ನದವರು ರವೆಯನ್ನು ನಾಲ್ಕು ಚಮಚಕ್ಕೆ ಏರಿಸಿ, ಎರಡು ಚಮಚ ಜೋಳದ ಪಿಷ್ಟ ಸೇರಿಸಿ, ಶಾವಿಗೆಯನ್ನು ನೀರಿನ ಬದಲು ಹಾಲಿನಲ್ಲಿ ಬತ್ತುವವರೆಗೆ ಬೇಯಿಸಿ ಮಾಡಬಹುದು. ನಾನೂ ಹಲವು ಸಲ ಮಾಡಿದ್ದೇನೆ, ಚೆನ್ನಾಗಿಯೇ ಇರುತ್ತದೆ. ಅದು ಬೇರೊಂದು ತಿನಿಸು ಎಂಬುದನ್ನು ಒಪ್ಪಿಕೊಂಡು ತಿನ್ನಬೇಕು, ಅಷ್ಟೆ. ಓವನ್ ಇಲ್ಲದವರು ದಪ್ಪ ತಳದ ಬಾಣಲೆಗೆ ಬೆಣ್ಣೆ ಮತ್ತು ರಸ್ಕಿನ ಪುಡಿ ಹಾಕಿ, ಬೆರಕೆಯನ್ನು ಹರಡಿ, ಅತಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಮುಚ್ಚಿ ಬೇಯಿಸಬೇಕು. ಮುಚ್ಚಳಕ್ಕೆ ಒಂದು ಬಟ್ಟೆ ಸುತ್ತುವುದನ್ನು ಮಾತ್ರ ಮರೆಯಬಾರದು, ಅದರ ತುದಿಗಳನ್ನು ಉರಿಗೆ ತಾಗದಂತೆ ಮೇಲೆ ಗಂಟು ಹಾಕಬೇಕು. ಇಲ್ಲದಿದ್ದರೆ ಹಬೆಯ ನೀರೆಲ್ಲ ಮೇಲೆಯೇ ತೊಟ್ಟಿಕ್ಕುತ್ತದೆ. ಆಮೇಲೆ ತಟ್ಟೆಯೊಂದಕ್ಕೆ ಕವುಚಿ, ಹಾಗೆಯೇ ಬಾಣಲೆಗೆ ಜಾರಿಸಿ, ಇನ್ನೊಂದು ಮಗ್ಗುಲನ್ನೂ ಐದು ನಿಮಿಷ ಕೆಂಪಗೆ ಮಾಡಿಕೊಳ್ಳಬೇಕು.

ಸಕ್ಕರೆ ಬಿಟ್ಟು, ಸಬ್ಬಸಿಗೆ ಸೊಪ್ಪು, ಹುರಿದ ಈರುಳ್ಳಿ, ಅಣಬೆ ಹಾಕಿ ಖಾರವಿಲ್ಲದ ಉಪ್ಪಿನ ಲಪ್ಶೇವ್ನಿಕ್ ಮಾಡುವುದೂ ಉಂಟು; ಆಗ ಅಣಬೆಯನ್ನು ಅದರ ನೀರೆಲ್ಲ ಇಂಗುವವರೆಗೆ ಹುರಿದೇ ಹಾಕಬೇಕು.

ಉಳಿದದ್ದು ಫ್ರಿಜ್ಜಿನಲ್ಲಿ ಎರಡು ಮೂರು ದಿನ ಕೆಡದೆ ಇರುತ್ತದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಮತ್ತೆ ನೀರು ಬಿಟ್ಟುಕೊಳ್ಳುವುದರಿಂದ, ಬೆರಳು ದಪ್ಪದ ಹೋಳುಗಳಾಗಿ ಕತ್ತರಿಸಿ, ಕಾವಲಿಯ ಮೇಲೆ ಬೆಣ್ಣೆಯಲ್ಲಿ ಎರಡೂ ಕಡೆ ಗರಿಯಾಗುವಂತೆ ಕಾಯಿಸಿ ಬೆಳಗಿನ ಚಹಾದೊಡನೆ ಕೊಡಿ; ನಮ್ಮ ಮನೆಯಲ್ಲಿ ಮೊದಲ ದಿನದ್ದಕ್ಕಿಂತ ಇದಕ್ಕೇ ಕೈಗಳು ಹೆಚ್ಚು ಚಾಚುತ್ತವೆ.